ಆರ್ಮಾ 3: ಗುಂಡಿಗಿಂತ ಮೊದಲು ನಕ್ಷೆ, ಕಿವಿ, ಮಾತು

ಆರ್ಮಾ 3 ಎಂಬ ಕಂಪ್ಯೂಟರಿನ ಯುದ್ಧದ ಆಟ ಹಾಕಿಕೊಂಡವರಲ್ಲಿ ತುಂಬ ಜನ ಎರಡನೇ ದಿನವೇ ಬಿಟ್ಟುಬಿಡುತ್ತಾರೆ. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡಿ ಅಭ್ಯಾಸವಾದವರು ಇಲ್ಲಿಯೂ ಅದೇ ಥರ ಓಡುತ್ತಾರೆ. ಅರ್ಧ ಗಂಟೆ ನಡೆದು, ಒಂದು ಗುಡ್ಡ ಹತ್ತಿ ನಿಲ್ಲುತ್ತಾರೆ. ಎಲ್ಲಿಂದಲೋ ಒಂದು ಗುಂಡು ಬರುತ್ತದೆ. ಅಲ್ಲಿಗೆ ಮುಗಿಯಿತು. "ಇದೆಂತ ಆಟ ಮಾರಾಯ" ಅಂತ ಹೇಳಿ ತೆಗೆದುಹಾಕುತ್ತಾರೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ನಾವು ನಾಲ್ಕು ಜನ ಏಳು ವರ್ಷದಿಂದ ಒಟ್ಟಿಗೆ ಈ ಆಟ ಆಡುತ್ತಿದ್ದೇವೆ. ಒಬ್ಬ ಪೆರ್ಲದವನು, ಒಬ್ಬ ಕುಂಬಳೆಯವನು, ಇನ್ನೊಬ್ಬ ಕಾಞಂಗಾಡಿನ ಮಲಯಾಳಂ ಮಾತಾಡುವ ಗೆಳೆಯ. ಹೊಸದಾಗಿ ಸೇರಿದವರಿಗೆ ನಾವು ಪ್ರತಿ ಸಲ ಹೇಳಿಕೊಡುವುದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಗುರಿ ಇಟ್ಟು ಹೊಡೆಯುವುದನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು. ನಕ್ಷೆ ಓದುವುದು, ಶಬ್ದ ಕೇಳಿಸಿಕೊಳ್ಳುವುದು, ರೇಡಿಯೋದಲ್ಲಿ ಸರಿಯಾಗಿ ಮಾತಾಡುವುದು, ಈ ಮೂರು ಬಂದರೆ ಮಾತ್ರ ಆಟದ ನಿಜವಾದ ರುಚಿ ಸಿಗುತ್ತದೆ.

ಇದು ಎಂಥ ಆಟ

ಆರ್ಮಾ 3 ಮಾಡಿದ್ದು ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಕಂಪನಿ. ಆಟ ಹೊರಬಂದದ್ದು 2013ರ ಸೆಪ್ಟೆಂಬರ್ 12ಕ್ಕೆ. ಇದೇ ಕಂಪನಿ 2001ರಲ್ಲಿ ಆಪರೇಷನ್ ಫ್ಲ್ಯಾಶ್‌ಪಾಯಿಂಟ್ ಮಾಡಿತ್ತು. ಬೇರು ಅಲ್ಲಿಯದು. ಪಬ್‌ಜಿ ಗೊತ್ತಿಲ್ಲದ ಹುಡುಗರು ನಮ್ಮ ಕಡೆ ಇಲ್ಲ ಅಲ್ವಾ? ಅದರ ಬೀಜವೂ ಇಲ್ಲಿಯೇ ಇತ್ತು. ಆರ್ಮಾ 2ಕ್ಕೆ ಡೇಜ಼ಡ್ ಎಂಬ ಮಾಡ್ (ಆಟಗಾರರೇ ಆಟಕ್ಕೆ ಮಾಡಿ ಸೇರಿಸುವ ಬದಲಾವಣೆ) ಬಂತು, ಅದರ ಮೇಲೆ ಬ್ಯಾಟಲ್ ರಾಯಲ್ ಮಾಡ್ ಬಂತು, ಅದನ್ನು ಮಾಡಿದ ಬ್ರೆಂಡನ್ ಗ್ರೀನ್ ಅವರೇ ಮುಂದೆ ಪಬ್‌ಜಿ ಮಾಡಿದರು.

ಆಟದ ಕಥೆ ನಡೆಯುವುದು 2035ರಲ್ಲಿ. ಮುಖ್ಯ ನೆಲ ಅಲ್ಟಿಸ್ ಎಂಬ ದ್ವೀಪ, 270 ಚದರ ಕಿಲೋಮೀಟರ್. ನಮ್ಮ ಕಾಸರಗೋಡು ಜಿಲ್ಲೆಯ ಏಳರಲ್ಲಿ ಒಂದು ಪಾಲಿನಷ್ಟು ಜಾಗ. ಅದರಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದು. ಪಕ್ಕದ ಸ್ಟ್ರಾಟಿಸ್ ಸಣ್ಣದು, 20 ಚದರ ಕಿಲೋಮೀಟರ್. ಅಲ್ಟಿಸ್ಸನ್ನು ಗ್ರೀಸಿನ ಲೆಮ್ನೋಸ್ ದ್ವೀಪ ನೋಡಿ ಮಾಡಿದ್ದು. 2012ರ ಸೆಪ್ಟೆಂಬರಿನಲ್ಲಿ ಆ ದ್ವೀಪಕ್ಕೆ ಹೋಗಿದ್ದ ಕಂಪನಿಯ ಇಬ್ಬರನ್ನು ಸೇನಾ ಜಾಗಗಳ ಫೋಟೋ ತೆಗೆದರು ಎಂಬ ಬೇಹುಗಾರಿಕೆ ಆರೋಪದಲ್ಲಿ ಹಿಡಿದಿಟ್ಟರು. ಜಾಮೀನು ಸಿಕ್ಕಿದ್ದು 2013ರ ಜನವರಿಯಲ್ಲಿ. ನಾಲ್ಕು ತಿಂಗಳು ಜೈಲು. ಆಟದ ನಕ್ಷೆಯಲ್ಲಿ ಒಂದು ಸಣ್ಣ ಹಳ್ಳಿಯ ಬೀದಿಯಲ್ಲಿ ನಡೆಯುವಾಗ ನನಗೆ ಆ ಇಬ್ಬರ ನೆನಪು ಬರುತ್ತದೆ.

ಕಂಪ್ಯೂಟರು, ಸೆಟ್ಟಿಂಗು ಮತ್ತು ಸಿಡಿಲು

ಆಟ ಸಿಗುವುದು ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ. ಅವಸರ ಮಾಡಬೇಡಿ. ಸೇಲ್ ಬಂದಾಗ ಬೆಲೆ ಬಹಳ ಇಳಿಯುತ್ತದೆ. ಮೊದಲಿಗೆ ಮೂಲ ಆಟ ಮಾತ್ರ ಸಾಕು, ಹೆಚ್ಚುವರಿ ಭಾಗಗಳಾದ ಡಿಎಲ್‌ಸಿಗಳೆಲ್ಲ ಆಮೇಲೆ. ಮಾಲ್ಡೆನ್ ಎಂಬ ನಕ್ಷೆ ಮತ್ತು ಒಬ್ಬರು ಮೇಲಿನಿಂದ ಆಟ ನಡೆಸುವ ಜ಼್ಯೂಸ್ ಹೇಗೂ ಉಚಿತ.

ಹಳೆಯ ಆಟವಾದರೂ ಇದು ಪ್ರೊಸೆಸರಿಗೆ ಭಾರ. ಗ್ರಾಫಿಕ್ಸ್ ಕಾರ್ಡ್ ದೊಡ್ಡದಿದ್ದು ಪ್ರೊಸೆಸರ್ ನಿಧಾನದ್ದಾದರೆ ಪ್ರಯೋಜನ ಕಡಿಮೆ. ಹಾರ್ಡ್ ಡಿಸ್ಕಿನಲ್ಲಿ ಹಾಕಬೇಡಿ, ಎಸ್ಎಸ್‌ಡಿಯಲ್ಲೇ ಹಾಕಿ. ದೂರದ ಮರ, ಮನೆ ಎಲ್ಲ ಡಿಸ್ಕಿನಿಂದ ಬರುತ್ತಾ ಇರುತ್ತದೆ, ನಿಧಾನವಾದರೆ ಆಟ ತಡವರಿಸುತ್ತದೆ. ಸೆಟ್ಟಿಂಗಿನಲ್ಲಿ ಮೊದಲು ಮುಟ್ಟಬೇಕಾದ್ದು ಎಷ್ಟು ದೂರದವರೆಗೆ ಕಾಣಬೇಕು ಎಂಬ ಅಳತೆ. ನಡೆದುಕೊಂಡು ಆಡುವವರಿಗೆ ಒಟ್ಟು ದೂರ 1,600 ಮೀಟರ್, ವಸ್ತುಗಳ ದೂರ 1,000 ಮೀಟರ್ ಇದ್ದರೆ ಧಾರಾಳ. ಹೆಲಿಕಾಪ್ಟರ್ ಹಾರಿಸುವಾಗ ಮಾತ್ರ ಹೆಚ್ಚಿಸಿ. ಸ್ಯಾಂಪ್ಲಿಂಗ್ (ಚಿತ್ರ ಎಷ್ಟು ಸ್ಪಷ್ಟವಾಗಿ ಮೂಡಬೇಕು ಎಂಬ ಅಳತೆ) 100ರಲ್ಲೇ ಇರಲಿ. ಅದನ್ನು ಇಳಿಸಿದರೆ ದೂರದ ಮನುಷ್ಯ ಬರೀ ಚುಕ್ಕೆಯಾಗುತ್ತಾನೆ, ಪೊದೆಯೋ ಶತ್ರುವೋ ಗೊತ್ತಾಗುವುದಿಲ್ಲ. ಬೇಕಾದರೆ ನೆರಳನ್ನು ಕಡಿಮೆ ಮಾಡಿ.

ಇನ್ನೊಂದು ವಿಷಯ ಆಟದ ಯಾವ ಪಾಠದಲ್ಲಿಯೂ ಇಲ್ಲ, ಆದರೆ ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಅಕ್ಟೋಬರ್, ನವೆಂಬರಿನ ಸಂಜೆ ಮಳೆಗೆ ಗುಡುಗು ಸಿಡಿಲು ಜಾಸ್ತಿ. ನಾವು ಆಡಲು ಕೂರುವುದೂ ಅದೇ ಹೊತ್ತಿಗೆ. ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಆಟ ನಿಲ್ಲಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಿರಿ. ರೂಟರಿನ ಕರೆಂಟು, ರೂಟರಿನಿಂದ ಕಂಪ್ಯೂಟರಿಗೆ ಬರುವ ತಂತಿ, ಎರಡನ್ನೂ ತೆಗೆಯಿರಿ. ನಾನು ಒಮ್ಮೆ "ಇನ್ನು ಐದು ನಿಮಿಷ" ಅಂತ ಕೂತು ಮದರ್‌ಬೋರ್ಡ್ ಕಳೆದುಕೊಂಡೆ. ಕೊನೆಗೆ ಅವಸರದಲ್ಲಿ ಕರೆಂಟಿನ ಪ್ಲಗ್ ಮಾತ್ರ ತೆಗೆದಿದ್ದೆ, ತಂತಿ ತೆಗೆದಿರಲಿಲ್ಲ. ಸಿಡಿಲು ಬಂದದ್ದು ಆ ತಂತಿಯಲ್ಲೇ ಅಂತ ರಿಪೇರಿಯವರು ಹೇಳಿದರು.

ಮೊದಲ ವಾರ ಒಬ್ಬರೇ ಆಡಿ

ಮೊದಲ ದಿನವೇ ಆನ್‌ಲೈನ್‌ಗೆ ಹೋಗಬೇಡಿ. ಮೆನುವಿನಲ್ಲಿ ವಿಆರ್ ತರಬೇತಿ ಉಂಟು, ಅದನ್ನು ಪೂರ್ತಿ ಮಾಡಿ. ಆಮೇಲೆ ಗುರಿ ಅಭ್ಯಾಸದ ಡ್ರಿಲ್ಲುಗಳು.

ಕೀಲಿಗಳು ತುಂಬ ಇವೆ, ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಎಕ್ಸ್ ಒತ್ತಿದರೆ ಕುಕ್ಕರುಗಾಲಲ್ಲಿ ಕೂರುತ್ತೀರಿ, ಜ಼ಡ್ ಒತ್ತಿದರೆ ಮಲಗುತ್ತೀರಿ. ಕ್ಯೂ ಮತ್ತು ಇ ಮರೆಯಿಂದ ಅತ್ತ ಇತ್ತ ಬಾಗಿ ನೋಡಲು. ಕಂಟ್ರೋಲ್ ಹಿಡಿದು ಡಬ್ಲ್ಯು ಅಥವಾ ಎಸ್ ಒತ್ತಿದರೆ ನಿಲುವು ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಆಗುತ್ತದೆ. ಇದನ್ನು ಹೊಸಬರು ಯಾರೂ ಬಳಸುವುದಿಲ್ಲ, ಬಳಸಿದವರು ಬದುಕುತ್ತಾರೆ. ಮೋಟುಗೋಡೆಯ ಮೇಲೆ ಕಣ್ಣು ಮತ್ತು ಬಂದೂಕಿನ ತುದಿ ಮಾತ್ರ ಕಾಣುವ ಹಾಗೆ ನಿಲ್ಲಲು ಇದೇ ದಾರಿ. ಆಲ್ಟ್ ಹಿಡಿದರೆ ನಡೆಯುವ ದಿಕ್ಕು ಬದಲಾಗದೆ ತಲೆ ಮಾತ್ರ ತಿರುಗುತ್ತದೆ. ತೋಟದಲ್ಲಿ ನಡೆಯುವವನು ಕಾಲ ಕೆಳಗೆ ಹಾವು, ಮೇಲೆ ಒಣ ಸೋಗೆ ಎರಡನ್ನೂ ನೋಡಿಕೊಳ್ಳುವ ಹಾಗೆ ಆಲ್ಟ್ ಮೇಲೆ ಬೆರಳು ಸದಾ ಇರಲಿ.

ಗುಂಡು ದೂರ ಹೋದಷ್ಟೂ ಕೆಳಗೆ ಬೀಳುತ್ತದೆ. ಪೇಜ್ ಅಪ್, ಪೇಜ್ ಡೌನ್ ಒತ್ತಿ ದೂರಕ್ಕೆ ತಕ್ಕ ಹಾಗೆ ಗುರಿಯ ಅಳತೆ ಬದಲಿಸಿಕೊಳ್ಳಿ. ಮೊದಲಿಗೆ 300 ಮೀಟರಿಗೆ ಇಟ್ಟು, ಅದಕ್ಕಿಂತ ದೂರದವರನ್ನು ಬಿಟ್ಟುಬಿಡಿ.

ಭಾರದ ಬಗ್ಗೆ ಒಂದು ಮಾತು. ಆಯುಧ, ಸಾಮಾನು ಆರಿಸಿಕೊಳ್ಳುವ ಆರ್ಸೆನಲ್‌ಗೆ ಹೋದರೆ ಅಂಗಡಿಗೆ ಹೊಕ್ಕ ಮಗುವಿನ ಹಾಗೆ ಎಲ್ಲವೂ ಬೇಕು ಅನಿಸುತ್ತದೆ. ರಾಕೆಟ್, ಹತ್ತು ಗ್ರೆನೇಡ್, ದೊಡ್ಡ ದುರ್ಬೀನು. ಆದರೆ ಎಲ್ಲಕ್ಕೂ ತೂಕ ಉಂಟು. ತೋಟದಿಂದ ಅಂಗಳಕ್ಕೆ ಅಡಿಕೆಗೊನೆ ಹೊತ್ತು ಏರು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರ ಜಾಸ್ತಿಯಾದರೆ ಬೇಗ ಸುಸ್ತಾಗುತ್ತದೆ, ಏದುಸಿರಿನಲ್ಲಿ ಬಂದೂಕಿನ ತುದಿ ತೂಗುತ್ತದೆ, ಇಪ್ಪತ್ತು ಹೆಜ್ಜೆ ದೂರದವನಿಗೂ ಗುಂಡು ತಾಗುವುದಿಲ್ಲ. ಆರೇಳು ಮ್ಯಾಗಜಿನ್, ಎರಡು ಹೊಗೆ ಗ್ರೆನೇಡ್, ಎರಡು ಪ್ರಥಮ ಚಿಕಿತ್ಸೆ ಪೊಟ್ಟಣ ಇಟ್ಟುಕೊಂಡರೆ ಮೊದಲ ತಿಂಗಳು ಸಾಕು.

ನಕ್ಷೆ: ಮೊದಲು ಜಗಲಿ, ಆಮೇಲೆ ಅಟ್ಟ

ಎಮ್ ಒತ್ತಿದರೆ ನಕ್ಷೆ ಬರುತ್ತದೆ, ಕೆ ಒತ್ತಿದರೆ ದಿಕ್ಸೂಚಿ. ಸುಲಭದ ಮಟ್ಟದಲ್ಲಿ ನಕ್ಷೆಯ ಮೇಲೆ ನೀವೆಲ್ಲಿದ್ದೀರಿ ಅಂತ ಆಟವೇ ತೋರಿಸುತ್ತದೆ. ಎರಡನೇ ವಾರದಿಂದ ಅದನ್ನು ನಿಲ್ಲಿಸಿಬಿಡಿ. ಕಷ್ಟದ ಮಟ್ಟದ ಆಯ್ಕೆಗಳಲ್ಲಿ ಇಂಥ ಸಹಾಯಗಳನ್ನು ಒಂದೊಂದಾಗಿ ತೆಗೆಯಬಹುದು.

ನಕ್ಷೆಯ ಅಂಚಿನಲ್ಲಿ ಸಂಖ್ಯೆಗಳಿವೆ. ಜಾಗ ಹೇಳುವಾಗ ಆರು ಅಂಕಿ ಹೇಳುತ್ತೇವೆ. ಮೊದಲ ಮೂರು ಅಡ್ಡಕ್ಕೆ, ಅಂದರೆ ಎಡದಿಂದ ಬಲಕ್ಕೆ. ಕೊನೆಯ ಮೂರು ಉದ್ದಕ್ಕೆ, ಕೆಳಗಿನಿಂದ ಮೇಲಕ್ಕೆ. ಆರು ಅಂಕಿ ಹೇಳಿದರೆ ನೂರು ಮೀಟರಿನ ಒಂದು ಚೌಕ ಸಿಗುತ್ತದೆ. ಎಂಟು ಹೇಳಿದರೆ ಹತ್ತು ಮೀಟರ್. ಹೊಸಬರಿಗೆ ಯಾವುದು ಮೊದಲು ಎಂಬುದೇ ಗೊಂದಲ. ನಾವು ಹೇಳಿಕೊಡುವ ಸೂತ್ರ ಹೀಗೆ: ಮೊದಲು ಜಗಲಿಯಲ್ಲಿ ನಡೆ, ಆಮೇಲೆ ಏಣಿ ಇಟ್ಟು ಅಟ್ಟ ಹತ್ತು. ಜಗಲಿಯಲ್ಲಿ ನಡೆಯದೆ ಅಟ್ಟಕ್ಕೆ ಹೋಗಲು ಆಗುವುದಿಲ್ಲ ಅಲ್ವಾ? ಇದನ್ನು ಹೇಳಿಕೊಟ್ಟ ಮೇಲೆ ನಮ್ಮಲ್ಲಿ ಯಾರೂ ತಪ್ಪು ಚೌಕ ಹೇಳಿಲ್ಲ.

ಇನ್ನು ನಕ್ಷೆಯ ಮೇಲಿನ ಎತ್ತರದ ಗೆರೆಗಳು. ಗೆರೆಗಳು ಹತ್ತಿರ ಹತ್ತಿರ ಇದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಇಳಿಜಾರು ಮೆತ್ತಗೆ. ನಮ್ಮೂರಿನ ನೆಲವನ್ನೇ ನೆನಪಿಸಿಕೊಳ್ಳಿ. ಮೇಲೆ ಮುರಕಲ್ಲಿನ ಬೋಳುಗುಡ್ಡ, ಇಳಿಜಾರಿನಲ್ಲಿ ಗೇರು, ಕೆಳಗೆ ತೋಟ, ಅದರ ಕೆಳಗೆ ಗದ್ದೆ ಮತ್ತು ತೋಡು. ನಾಲ್ಕು ಜನ ಕಾಣಿಸದ ಹಾಗೆ ಪಕ್ಕದ ಊರಿಗೆ ಹೋಗಬೇಕಾದರೆ ಯಾವ ದಾರಿ ಹಿಡಿಯುತ್ತೀರಿ? ಬೋಳುಗುಡ್ಡದ ಮೇಲೆ ನಡೆದರೆ ಎಲ್ಲರಿಗೂ ಕಾಣುತ್ತೀರಿ. ಗದ್ದೆಯಲ್ಲಿ ಮರೆಯೇ ಇಲ್ಲ. ಇಳಿಜಾರಿನ ಗೇರುಮರಗಳ ನಡುವೆ, ತುದಿಗಿಂತ ಸ್ವಲ್ಪ ಕೆಳಗೆ ಹೋಗುತ್ತೀರಿ. ಅಲ್ಟಿಸ್ಸಿನಲ್ಲಿ ಗೇರಿನ ಬದಲು ಆಲಿವ್ ಮರ, ಅಷ್ಟೇ. ಪೊಸಡಿ ಗುಂಪೆ ಗುಡ್ಡಕ್ಕೆ ಸಂಜೆ ಹೋದವರು ನೋಡಿರಬಹುದು. ತುದಿಯಲ್ಲಿ ನಿಂತವರ ಆಕಾರ ಆಕಾಶಕ್ಕೆ ಎದುರಾಗಿ ಕಪ್ಪಗೆ ಎಷ್ಟು ದೂರದಿಂದ ಕಾಣುತ್ತದೆ ಅಂತ. ಹತ್ತು ಹೆಜ್ಜೆ ಇಳಿದರೆ ಅದೇ ಮನುಷ್ಯ ಕಾಣಿಸುವುದಿಲ್ಲ. ಈ ಹತ್ತು ಹೆಜ್ಜೆ ಆಟದಲ್ಲಿ ನನ್ನನ್ನು ಎಷ್ಟು ಸಲ ಉಳಿಸಿದೆಯೋ ಲೆಕ್ಕವಿಲ್ಲ.

ಕಿವಿ

ಆರ್ಮಾದಲ್ಲಿ ಶಬ್ದಕ್ಕೆ ನಿಜವಾದ ವೇಗ ಕೊಟ್ಟಿದ್ದಾರೆ. ದೂರದ ಸ್ಫೋಟದ ಬೆಂಕಿ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಹೆಚ್ಚಿನ ಆಟಗಳಲ್ಲಿ ಇದು ಇಲ್ಲ.

ನಮ್ಮೂರಿನ ಜಾತ್ರೆಯಲ್ಲಿ ಗರ್ನಾಲು ಸಿಡಿಸುವುದನ್ನು ಗದ್ದೆಯ ಈಚೆ ದಡದಿಂದ ನೋಡಿದ್ದೀರಾ? ಮೊದಲು ಒಂದು ಬೆಳಕು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎದೆಗೆ ಬಡಿಯುವ ಸದ್ದು. ಆ ನಡುವಿನ ಹೊತ್ತನ್ನು ಎಣಿಸಿದರೆ ದೂರ ಸಿಗುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಅಂದರೆ ಒಂದು ಕಿಲೋಮೀಟರ್. ಆಟದಲ್ಲಿ ಫಿರಂಗಿಯ ಬೆಳಕು ಕಂಡ ಕೂಡಲೆ ಎಣಿಸಲು ಶುರು ಮಾಡಿ. ಆರು ಎಣಿಸುವಾಗ ಸದ್ದು ಬಂದರೆ ಅದು ಎರಡು ಕಿಲೋಮೀಟರ್ ಆಚೆ. ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಮಾಡಬಹುದು.

ನಿಮ್ಮ ಕಡೆಗೆ ಬರುವ ಗುಂಡಿನದು ಬೇರೆ ಕಥೆ. ಗುಂಡು ಶಬ್ದಕ್ಕಿಂತ ಬೇಗ ಹೋಗುತ್ತದೆ. ಹಾಗಾಗಿ ಮೊದಲು ಕೇಳುವುದು ಗುಂಡು ನಿಮ್ಮ ಪಕ್ಕದಲ್ಲಿ ಗಾಳಿ ಸೀಳಿದ ಚಟ್ ಎಂಬ ಸದ್ದು. ಬಂದೂಕಿನ ಢಂ ಆಮೇಲೆ ಬರುತ್ತದೆ, ಸ್ವಲ್ಪ ಮೆತ್ತಗೆ. ಹೊಸಬರು ಚಟ್ ಕೇಳಿದ ಕಡೆಗೆ ತಿರುಗುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ. ಚಟ್ ಕೇಳಿದ ಕೂಡಲೆ ಮಲಗಿ, ಢಂ ಎಲ್ಲಿಂದ ಬಂತು ಅಂತ ಕಿವಿ ಕೊಡಿ. ಶತ್ರು ಇರುವುದು ಆ ಕಡೆ. ಎರಡರ ನಡುವೆ ಹೊತ್ತು ಹೆಚ್ಚಿದ್ದರೆ ಅವನು ದೂರ ಇದ್ದಾನೆ. ಇದಕ್ಕಾಗಿ ಒಳ್ಳೆಯ ಹೆಡ್‌ಫೋನ್ ಬೇಕು. ದುಡ್ಡು ಖರ್ಚು ಮಾಡುವುದಾದರೆ ಹೊಸ ಮೌಸಿಗಿಂತ ಮೊದಲು ಇದಕ್ಕೆ ಮಾಡಿ.

ರೇಡಿಯೋದಲ್ಲಿ ಮಾತು

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ನಾವು ಅತಿ ಹೆಚ್ಚು ಪೆಟ್ಟು ತಿಂದದ್ದು ಇಲ್ಲಿ.

ಆಟದೊಳಗೆ ಕ್ಯಾಪ್ಸ್ ಲಾಕ್ ಒತ್ತಿ ಹಿಡಿದರೆ ನಿಮ್ಮ ಮಾತು ತಂಡದವರಿಗೆ ಹೋಗುತ್ತದೆ. ಒಂದು ರಾತ್ರಿ ನಾನು ಗುಡ್ಡದ ಇಳಿಜಾರಿನಲ್ಲಿ ಮಲಗಿದ್ದೆ. ಹಳದಿ ಮನೆಯ ಹಿಂದೆ ಇಬ್ಬರು ಕಂಡರು. ದಿಕ್ಸೂಚಿ ನೋಡಿದೆ, 306 ಡಿಗ್ರಿ. ಕೀಲಿ ಒತ್ತಿ "ಮುನ್ನೂರ ಆರು, ಇಬ್ಬರು" ಅಂದೆ. ಮೂವರೂ ಸಟ್ಟನೆ ತಿರುಗಿದರು, ಆದರೆ ಹಿಂದಕ್ಕೆ. ಬೆನ್ನಿಗೆ ಗುಂಡು ಬಂತು. ಇಬ್ಬರು ಅಲ್ಲೇ ಬಿದ್ದರು. ಆಮೇಲೆ ರೆಕಾರ್ಡಿಂಗ್ ಕೇಳಿದೆವು. ನಾನು ಕೀಲಿ ಒತ್ತುವ ಮೊದಲೇ ಮಾತು ಶುರು ಮಾಡಿದ್ದೆ. "ಮುನ್" ತುಂಡಾಗಿ ಹೋಗಿತ್ತು. ಅವರಿಗೆ ಕೇಳಿದ್ದು "ನೂರ ಆರು". ಕಾಞಂಗಾಡಿನ ಗೆಳೆಯನಿಗೂ ಅದೇ ಕೇಳಿತು, ಏಕೆಂದರೆ ಮಲಯಾಳದಲ್ಲಿಯೂ ಮುನ್ನೂರು, ನೂರು ಹೀಗೇ. ಒಂದು ಅಕ್ಷರಕ್ಕೆ ಇನ್ನೂರು ಡಿಗ್ರಿ ವ್ಯತ್ಯಾಸ.

ಆ ರಾತ್ರಿಯ ನಂತರ ಮೊದಲ ನಿಯಮ ಬಂತು. ಕೀಲಿ ಒತ್ತಿ, ಒಂದು ಉಸಿರು ತೆಗೆದುಕೊಳ್ಳಿ, ಆಮೇಲೆ ಮಾತಾಡಿ. ಮಾತು ಮುಗಿದ ಮೇಲೆಯೂ ಅರ್ಧ ಕ್ಷಣ ಕೀಲಿ ಬಿಡಬೇಡಿ.

ಎರಡನೆಯದು, ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಹೇಳಿ. ಮೊದಲಿಗೆ ಕನ್ನಡದಲ್ಲೇ "ಮೂರು, ಸೊನ್ನೆ, ಆರು" ಅನ್ನುತ್ತಿದ್ದೆವು. ಗುಂಡಿನ ಸದ್ದಿನ ನಡುವೆ ಮೂರು ಯಾವುದು, ಆರು ಯಾವುದು, ನೂರು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಈ ಮೂರು ಪದಗಳಿಗೂ ಬಾಲ ಒಂದೇ. ಇನ್ನೊಂದು ಸಲ ಪೆರ್ಲದವನು "ಬಲಕ್ಕೆ ಏಳು" ಅಂದ. ಬಲಗಡೆ ಏಳು ಜನ ಇದ್ದಾರೆ ಎಂಬುದು ಅವನ ಅರ್ಥ. ಮಲಗಿದ್ದ ಕುಂಬಳೆಯವನು ಎದ್ದು ಬಲಕ್ಕೆ ನಿಂತ. ನಿಂತವನು ಮತ್ತೆ ಮಲಗಲಿಲ್ಲ. "ಹತ್ತು" ಎಂಬುದಕ್ಕೂ ಇದೇ ಅಪಾಯ, ಗುಡ್ಡದ ಬುಡದಲ್ಲಿ ಇರುವಾಗ ವಿಶೇಷವಾಗಿ.

ನಮ್ಮ ಭಾಷೆ ನನಗೆ ಪ್ರೀತಿಯದು. ಗಡಿಯಲ್ಲಿ ಇರುವವರಿಗೆ ಅದು ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೂ ಅಂಕಿಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳುವುದು ಅಂತ ನಾಲ್ವರೂ ಒಪ್ಪಿಕೊಂಡೆವು. ಉಳಿದದ್ದೆಲ್ಲ ಕನ್ನಡ, ತುಳು, ಮಲಯಾಳ, ಬಾಯಿಗೆ ಬಂದದ್ದು. ನಾಲ್ಕು ಭಾಷೆ ಕೇಳಿ ಬೆಳೆದವರಿಗೆ ಅದರಲ್ಲಿ ಕಷ್ಟ ಇಲ್ಲ. ಎಡ, ಬಲ ಕೂಡ ತೊಂದರೆ ಕೊಡುವುದಿಲ್ಲ. ಕನ್ನಡದ ಎಡ ಮಲಯಾಳದಲ್ಲಿ ಇಡ, ತುಳುವಿನಲ್ಲಿಯೂ ಹತ್ತಿರವೇ.

ಮೂರನೆಯದು, ಹೇಳುವ ಕ್ರಮ. ದಿಕ್ಕು, ದೂರ, ಏನು ಕಂಡಿತು. ಈ ಕ್ರಮ ತಪ್ಪಬಾರದು. "ತ್ರೀ ಝೀರೋ ಸಿಕ್ಸ್. ಫೋರ್ ಹಂಡ್ರೆಡ್ ಮೀಟರ್. ಹಳದಿ ಮನೆಯ ಹಿಂದೆ ಇಬ್ಬರು." ದಿಕ್ಕು ಮೊದಲು ಬಂದರೆ ಕೇಳುವವನು ಆಗಲೇ ತಿರುಗುತ್ತಾನೆ, ದೂರ ಕೇಳಿದಾಗ ಕಣ್ಣು ಅಷ್ಟು ದೂರಕ್ಕೆ ಹೋಗುತ್ತದೆ, ಕೊನೆಗೆ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ. "ಅಯ್ಯೋ ಅಲ್ಲಿ ನೋಡು, ಆ ಮನೆ ಹತ್ತಿರ" ಅಂದರೆ ಪ್ರಯೋಜನವಿಲ್ಲ. ಯಾವ ಮನೆ? ಯಾರ ಕಣ್ಣಿನ ಅಲ್ಲಿ? ಕೇಳಿದವನು ದಿಕ್ಕನ್ನು ತಿರುಗಿ ಹೇಳಬೇಕು. "ತ್ರೀ ಝೀರೋ ಸಿಕ್ಸ್, ಕಂಡಿತು." ತಪ್ಪು ಕೇಳಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಾವು ಇದನ್ನು ಮೊದಲೇ ಮಾಡಿದ್ದರೆ ಆ ರಾತ್ರಿ ಇಬ್ಬರು ಬೀಳುತ್ತಿರಲಿಲ್ಲ.

ಮತ್ತೆ, ಏನೂ ಹೇಳಲಿಕ್ಕೆ ಇಲ್ಲದಿದ್ದರೆ ಸುಮ್ನಿರಿ. ರೇಡಿಯೋದಲ್ಲಿ ಒಬ್ಬ ಊಟದ ಸುದ್ದಿ ಹೇಳುವಾಗ ಇನ್ನೊಬ್ಬನ ಎಚ್ಚರಿಕೆ ಕೇಳಿಸುವುದಿಲ್ಲ. ಹರಟೆಗೆ ಆಟದಲ್ಲೇ ಡೈರೆಕ್ಟ್ ಎಂಬ ಚಾನೆಲ್ ಉಂಟು, ಪಕ್ಕದಲ್ಲಿ ಇದ್ದವರಿಗೆ ಮಾತ್ರ ಕೇಳುತ್ತದೆ.

ನಾಲ್ವರು ನಡೆಯುವ ಬಗೆ

ಇಬ್ಬರು ನಡೆಯುವಾಗ ಇಬ್ಬರು ನಿಲ್ಲಬೇಕು. ನಿಂತವರು ಬಂದೂಕು ಹಿಡಿದು ಮುಂದೆ ನೋಡುತ್ತಾ ಇರುತ್ತಾರೆ. ಹೋದವರು ಒಂದು ಮರೆ ಸಿಕ್ಕ ಕೂಡಲೆ "ಸೆಟ್" ಅನ್ನುತ್ತಾರೆ. ಆಗ ಹಿಂದಿನವರು ಬರುತ್ತಾರೆ. ನಿಧಾನ ಅನಿಸುತ್ತದೆ, ಆದರೆ ನಾಲ್ವರೂ ಒಟ್ಟಿಗೆ ಓಡಿದರೆ ಒಂದೇ ಮೆಷಿನ್ ಗನ್ನಿಗೆ ನಾಲ್ವರೂ ಬೀಳುತ್ತೀರಿ. ಒಬ್ಬರಿಂದ ಒಬ್ಬರಿಗೆ ಹತ್ತು ಮೀಟರಾದರೂ ಅಂತರ ಇರಲಿ.

ಹೊಗೆ ಗ್ರೆನೇಡನ್ನು ನಿಮ್ಮ ಕಾಲ ಬುಡದಲ್ಲಿ ಹಾಕಬೇಡಿ. ನಿಮಗೂ ಶತ್ರುವಿಗೂ ನಡುವೆ ಬೀಳಬೇಕು. ಹಾಕಿದ ಕೂಡಲೆ ಓಡಲೂ ಬೇಡಿ. ಗದ್ದೆಯಲ್ಲಿ ಸುಡುಮಣ್ಣು ಹಾಕುವಾಗ ಹೊಗೆ ಎದ್ದು ಹರಡಲು ಸ್ವಲ್ಪ ಹೊತ್ತು ಬೇಕಲ್ಲ, ಹಾಗೆ. ಹೊಗೆ ಗೋಡೆಯಾಗುವವರೆಗೆ ಕಾದು ಆಮೇಲೆ ಹೊರಡಿ. ಗಾಯವಾದವನನ್ನು ಬಯಲಲ್ಲಿ ಕೂತು ನೋಡಿಕೊಳ್ಳುವುದು ಹೊಸಬರ ದೊಡ್ಡ ತಪ್ಪು. ಮೊದಲು ಹೊಗೆ, ಆಮೇಲೆ ಮರೆಗೆ ಎಳೆಯುವುದು, ಆಮೇಲೆ ಚಿಕಿತ್ಸೆ.

ಒಟ್ಟಿಗೆ ಆಡಲು

ನಿಮ್ಮ ಕಂಪ್ಯೂಟರನ್ನೇ ಸರ್ವರ್ ಮಾಡಬಹುದು. ಅದಕ್ಕೆ ರೂಟರಿನಲ್ಲಿ ಯುಡಿಪಿ 2302ರಿಂದ 2306ರವರೆಗಿನ ಪೋರ್ಟುಗಳನ್ನು ತೆರೆಯಬೇಕು. ಆದರೆ ಈಗ ಎಷ್ಟೋ ಕಡೆ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿ ಕೊಡುತ್ತಾರೆ. ಹಾಗಿದ್ದರೆ ಪೋರ್ಟ್ ತೆರೆದರೂ ಹೊರಗಿನವರು ಬರಲು ಆಗುವುದಿಲ್ಲ. ನಾವು ಕಂಡುಕೊಂಡ ಒಳ್ಳೆಯ ದಾರಿ ಬಹಳ ಹಳೆಯದು. ತಿಂಗಳಿಗೆ ಒಂದು ಶನಿವಾರ ಎಲ್ಲರೂ ಲ್ಯಾಪ್‌ಟಾಪ್ ಹಿಡಿದು ಒಂದು ಮನೆಗೆ ಬರುವುದು. ಜಗಲಿಯಲ್ಲಿ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್, ನಾಲ್ಕು ತಂತಿ. ಇಂಟರ್ನೆಟ್ ನಿಧಾನ ಇದ್ದರೂ ತೊಂದರೆ ಇಲ್ಲ. ಕೋಣೆ ಕೋಣೆಯಲ್ಲಿ ಕೂತರೆ ರೇಡಿಯೋ ಬಳಸಲೇ ಬೇಕಾಗುತ್ತದೆ, ಒಂದೇ ಜಗಲಿಯಲ್ಲಿ ಕೂತರೆ ಪರದೆ ಕಾಣಿಸಿಬಿಡುತ್ತದೆ. ಹಾಗಾಗಿ ನಾವು ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ.

ಮಾಡ್‌ಗಳು ಸ್ಟೀಮ್ ವರ್ಕ್‌ಶಾಪಿನಲ್ಲಿ ಉಚಿತ. ಮೊದಲ ಎರಡು ತಿಂಗಳು ಯಾವುದೂ ಬೇಡ. ಆಮೇಲೆ ಸಿಬಿಎ (ಬೇರೆ ಮಾಡ್‌ಗಳು ನಡೆಯಲು ಬೇಕಾದ ತಳಹದಿ) ಮತ್ತು ಎಸಿಇ 3 (ಆಟವನ್ನು ಇನ್ನಷ್ಟು ನಿಜದ ಹಾಗೆ ಮಾಡುವ ಮಾಡ್) ಹಾಕಿ. ಎಸಿಇ ಬಂದ ಮೇಲೆ ಗಾಯಕ್ಕೆ ಒಂದು ಪೊಟ್ಟಣ ಸಾಲುವುದಿಲ್ಲ, ರಕ್ತ ನಿಲ್ಲಿಸಲು ಪಟ್ಟಿ ಬಿಗಿಯಬೇಕು, ಬ್ಯಾಂಡೇಜ್ ಹಾಕಬೇಕು, ನಾಡಿ ನೋಡಬೇಕು. ಎಲ್ಲರ ಹತ್ತಿರವೂ ಒಂದೇ ಮಾಡ್‌ಗಳು ಇರಬೇಕು. ಒಬ್ಬರು ಪಟ್ಟಿ ಮಾಡಿ ಲಾಂಚರಿನಿಂದ (ಆಟ ಶುರು ಮಾಡುವ ಕಿಟಕಿ) ಆ ಪಟ್ಟಿಯ ಪ್ರೀಸೆಟ್ ಫೈಲ್ ತೆಗೆದು ಎಲ್ಲರಿಗೂ ಕಳಿಸಿದರೆ ಜಗಳ ಇರುವುದಿಲ್ಲ.

ಸಿದ್ಧ ಕಾರ್ಯಾಚರಣೆಗಳು ಮುಗಿದರೆ, ಹೊಸದನ್ನು ನಾವೇ ಕಟ್ಟುವ ಎಡಿಟರ್ ತೆರೆಯಿರಿ. ಸ್ಟ್ರಾಟಿಸ್ ಆರಿಸಿ, ನಾಲ್ಕು ಸೈನಿಕರನ್ನು ಇಡಿ, ಒಂದು ಹಳ್ಳಿಯಲ್ಲಿ ಐದಾರು ಶತ್ರುಗಳನ್ನು ಇಡಿ, ಆಡಿ. ಇನ್ನೂ ಒಳ್ಳೆಯದು ಜ಼್ಯೂಸ್. ಒಬ್ಬರು ಮೇಲಿನಿಂದ ನೋಡುತ್ತಾ, ಆಟ ನಡೆಯುವಾಗಲೇ ಶತ್ರುಗಳನ್ನು, ವಾಹನಗಳನ್ನು, ಮಳೆಯನ್ನು ತರಬಹುದು. ಯಕ್ಷಗಾನದಲ್ಲಿ ಭಾಗವತರು ಕೂತು ಆಟ ನಡೆಸುವುದಿಲ್ಲವೇ, ಅಂಥ ಕೆಲಸ. ತಂಡಕ್ಕೆ ಸುಸ್ತಾಗಿದೆ ಅಂತ ಕಂಡರೆ ಸ್ವಲ್ಪ ಬಿಡಬೇಕು, ಸಲೀಸಾಗಿದೆ ಅಂತ ಕಂಡರೆ ಬಿಗಿ ಮಾಡಬೇಕು. ಒಳ್ಳೆಯ ಜ಼್ಯೂಸ್ ಗೆಲ್ಲಲು ಆಡುವುದಿಲ್ಲ.

ಇಷ್ಟು ಕಲಿತ ಮೇಲೆ

ಒಂದೇ ಒಂದು ಡಿಎಲ್‌ಸಿ ಕೊಳ್ಳುವುದಾದರೆ ಲಾಸ್ ಆಫ್ ವಾರ್ ಕೊಳ್ಳಿ. 2017ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಜೊತೆ ಸೇರಿ ಮಾಡಿದ್ದು. ಆ ವರ್ಷ ಇದರ ನೇರ ಮಾರಾಟದಿಂದ ಬಂದ ನಿವ್ವಳ ಆದಾಯದಲ್ಲಿ ಅರ್ಧವನ್ನು ಕಂಪನಿ ಆ ಸಮಿತಿಗೇ ಕೊಟ್ಟಿತು. ಅದರಲ್ಲಿ ನೀವು ಯುದ್ಧ ಮುಗಿದ ಮೇಲೆ ಒಂದು ಹಳ್ಳಿಗೆ ನೆಲಬಾಂಬ್ ತೆಗೆಯಲು ಬರುವ ಮನುಷ್ಯ. ಓರಿಯೋಕಾಸ್ಟ್ರೋ ಎಂಬ ಆ ಹಳ್ಳಿಯಲ್ಲಿ ಹಿಂದೆ ನೀವು ಸೈನಿಕನಾಗಿ ಗುಂಡು ಹಾರಿಸುತ್ತಾ ಹೋಗಿರಬಹುದು. ಈಗ ಅದೇ ಬೀದಿಯಲ್ಲಿ ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕು. ಅದನ್ನು ಆಡಿದ ಮೇಲೆ ನಾನು ಎಡಿಟರಿನಲ್ಲಿ ಕಾರ್ಯಾಚರಣೆ ಮಾಡುವಾಗ ಹಳ್ಳಿಯಲ್ಲಿ ಊರವರನ್ನೂ ಇಡಲು ಶುರು ಮಾಡಿದೆ. ಅವರಿಗೆ ಗುಂಡು ತಾಗಿದರೆ ನಮ್ಮ ತಂಡ ಸೋತ ಹಾಗೆ. ಸಣ್ಣ ಮಕ್ಕಳ ಕೈಗೆ ಮಾತ್ರ ಈ ಆಟ ಕೊಡಬೇಡಿ.

ಆರ್ಮಾ ಆಡುವವರಿಗೆ ಆಟದ ಹೊರಗೂ ಒಂದು ಕೆಲಸ ಉಂಟು. ಈ ಆಟದ ದೃಶ್ಯಗಳನ್ನು ನಿಜವಾದ ಯುದ್ಧ ಅಂತ ಹೇಳಿ ಹಂಚುವುದು ವರ್ಷಗಳಿಂದ ನಡೆಯುತ್ತಿದೆ. ಉಕ್ರೇನ್ ಯುದ್ಧದ ಹೊತ್ತಿಗೆ ಅದು ಎಷ್ಟು ಹೆಚ್ಚಾಯಿತೆಂದರೆ, 2022ರ ನವೆಂಬರಿನಲ್ಲಿ ಬೊಹೀಮಿಯಾ ಕಂಪನಿಯೇ ಗುರುತಿಸುವ ಬಗೆ ಹೇಳಿಕೊಟ್ಟಿತು. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನದ ನಡುವೆ ದಾಳಿ ನಡೆದಾಗಲೂ ಆಟದ ತುಣುಕುಗಳು ಹರಿದಾಡಿದವು. ನಾವು ನೂರಾರು ಗಂಟೆ ಆ ಹೊಗೆ, ಆ ಬೆಂಕಿ ನೋಡಿದವರು. ನಮಗೆ ಬೇಗ ಗೊತ್ತಾಗುತ್ತದೆ.

ಹೀಗೆ ನೋಡಿ. ವಿಡಿಯೋ ಮಸುಕಾಗಿದೆಯಾ, ಸುಮ್ನೆ ಅಲುಗಾಡುತ್ತಾ ಇದೆಯಾ? ರಾತ್ರಿಯದಾ? ಸದ್ದು ಇಲ್ಲವಾ? ಹೌದಾದರೆ ಅನುಮಾನ ಪಡಿ. ಜನರು ಕಾಣಿಸುತ್ತಾರಾ? ಆಟದಲ್ಲಿ ಮನುಷ್ಯರ ನಡಿಗೆ ಸಹಜವಾಗಿ ಬರುವುದಿಲ್ಲ, ಹಾಗಾಗಿ ಸುಳ್ಳು ವಿಡಿಯೋದಲ್ಲಿ ಜನ ಇರುವುದೇ ಕಡಿಮೆ. ಹೊಗೆ ಮತ್ತು ಧೂಳನ್ನು ಗಮನಿಸಿ. ನಿಜವಾದ ಸ್ಫೋಟದ ಧೂಳು ಒಂದು ಸಲದ ಹಾಗೆ ಇನ್ನೊಂದು ಸಲ ಏಳುವುದಿಲ್ಲ. ಆಟದಲ್ಲಿ ಒಂದೇ ಅಚ್ಚಿನ ಮೋಡ ಮತ್ತೆ ಮತ್ತೆ ಬರುತ್ತದೆ. ಆಕಾಶಕ್ಕೆ ಸಾಲಾಗಿ ಹೋಗುವ ಕೆಂಪು ಗುಂಡುಗಳು, ಉರಿದು ಬೀಳುವ ವಿಮಾನ, ಇದು ಅತಿ ಸಾಮಾನ್ಯ.

ಆ ಮೇ ತಿಂಗಳಲ್ಲಿ ನಮ್ಮ ಮನೆಯವರ ಗುಂಪಿಗೂ ಅಂಥದ್ದೊಂದು ಬಂತು. ಕಳಿಸಿದ್ದು ಚಿಕ್ಕಮ್ಮ. ಅವರ ಅಳಿಯ ಸೇನೆಯಲ್ಲಿ ಇದ್ದಾನೆ, ಹೆದರಿ ಕಳಿಸಿದ್ದು. ಗುಂಪಿನಲ್ಲಿ ಎಲ್ಲರ ಎದುರು "ಇದು ಸುಳ್ಳು" ಅಂತ ಬರೆಯುವ ಮನಸ್ಸು ಬರಲಿಲ್ಲ. ಅವರಿಗೆ ಫೋನ್ ಮಾಡಿ "ಚಿಕ್ಕಮ್ಮ, ಇದು ಕಂಪ್ಯೂಟರಿನ ಆಟ, ನಾನು ಬಂದು ತೋರಿಸ್ತೇನೆ" ಅಂದೆ. ಮರುದಿನ ನೀರ್ಚಾಲಿಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಎಡಿಟರಿನಲ್ಲಿ ಒಂದು ವಿಮಾನ, ಒಂದು ವಿಮಾನ ಹೊಡೆಯುವ ಫಿರಂಗಿ ಇಟ್ಟು, ಹೊತ್ತನ್ನು ರಾತ್ರಿ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಅದೇ ಕೆಂಪು ಸಾಲು, ಅದೇ ಬೆಂಕಿ. "ಇನ್ನೊಮ್ಮೆ ಹಾಕು" ಅಂದರು. ಹಾಕಿದೆ. ಆಮೇಲೆ ಮೊಬೈಲ್ ತೆಗೆದು ಗುಂಪಿಗೆ ಅವರೇ ಬರೆದರು, "ನಿನ್ನೆ ನಾನು ಕಳಿಸಿದ್ದು ಆಟದ್ದು, ಯಾರೂ ಮುಂದೆ ಕಳಿಸಬೇಡಿ."